ಮನೆಯ ವೈನ್ ಕೊಠಡಿಗೆ ತಂಪು ಯಂತ್ರ: ಮೊದಲು ಗೋಡೆ, ಆಮೇಲೆ ಯಂತ್ರ

ಚಿಕ್ಕಮಗಳೂರಿನಂತಹ ತಂಪು ಊರಿನಲ್ಲಿ ವೈನ್ ಇಡಲು ಯಂತ್ರವೇಕೆ ಎಂದು ಕೇಳುವವರಿದ್ದಾರೆ. ವರ್ಷಗಟ್ಟಲೆ ಇಡುವ ವೈನಿಗೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಬೇಕು, ಅದು ಪದೇ ಪದೇ ಏರಿಳಿಯಲೂಬಾರದು. ಡಿಸೆಂಬರಿನ ರಾತ್ರಿಗಳಲ್ಲಿ ಹೊರಗಿನ ಗಾಳಿ ಈ ಮಟ್ಟದ ಹತ್ತಿರ ಬಂದರೂ ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ದಾಟುವುದರಿಂದ, ದೀರ್ಘಕಾಲದ ದಾಸ್ತಾನಿಗೆ ಯಂತ್ರ ಬೇಕೇ ಬೇಕು. ಕೆಲವೇ ತಿಂಗಳಲ್ಲಿ ಮುಗಿಯುವ ಬಾಟಲಿಗಳಿಗೆ ಮನೆಯ ಕತ್ತಲ ಮೂಲೆ ಸಾಕು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಕಾನೂನಿನ ಮಿತಿಯಿರುವುದರಿಂದ, ಕೊಠಡಿಯ ಗಾತ್ರ ನಿರ್ಧರಿಸುವ ಮುನ್ನ ಅಬಕಾರಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಯಂತ್ರದ ಅಂಗಡಿಗೆ ಹೋಗುವ ಮೊದಲು ಗೋಡೆಯ ಕೆಲಸ ಮುಗಿಯಬೇಕು. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೊಠಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಗೋಡೆ, ನೆಲ, ಛಾವಣಿ ಸೇರಿ ಸುಮಾರು 32 ಚದರ ಮೀಟರ್ ಆಗುತ್ತದೆ. ಹೊರಗೆ 32 ಡಿಗ್ರಿ, ಒಳಗೆ 14 ಡಿಗ್ರಿ ಇದ್ದರೆ ಬರೀ ಇಟ್ಟಿಗೆ ಗೋಡೆಯ ಕೊಠಡಿಯೊಳಕ್ಕೆ ಅಂದಾಜು 1,200 ವ್ಯಾಟ್ ಶಾಖ ನುಗ್ಗುತ್ತದೆ. ಎಲ್ಲ ಮೈಗೂ 50 ಮಿಲಿಮೀಟರ್ ದಪ್ಪದ ಉಷ್ಣನಿರೋಧಕ ಫೋಮ್ ಹಲಗೆ ಹೊಂದಿಸಿದರೆ ಅದು 300 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಹಲಗೆಗೆ ಒಮ್ಮೆ ಕೊಡುವ ಹಣ ಮುಂದೆ ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಉಳಿಯುತ್ತದೆ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿಸುವುದನ್ನು ಮರೆಯಬೇಡಿ.

ಮಲೆನಾಡಿನಲ್ಲಿ ಶಾಖಕ್ಕಿಂತ ತೇವವೇ ದೊಡ್ಡ ಶತ್ರು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತುಂಬಿರುವ ನೀರಿನ ಆವಿ ತಂಪಾದ ಕೊಠಡಿಯ ಗೋಡೆಯೊಳಗೆ ಇಳಿದು, ಅಲ್ಲೇ ನೀರಾಗಿ, ಮರದ ಚೌಕಟ್ಟನ್ನೂ ಗಾರೆಯನ್ನೂ ಕೊಳೆಸುತ್ತದೆ. ಇದನ್ನು ತಡೆಯಲು ದಪ್ಪ ಪಾಲಿಥಿನ್ ಹಾಳೆಯನ್ನು ನಿರೋಧಕ ಹಲಗೆಯ ಹೊರಮೈಗೆ, ಅಂದರೆ ಬಿಸಿಯಿರುವ ಕಡೆಗೆ, ಜೋಡಣೆಗಳಲ್ಲಿ ಟೇಪ್ ಅಂಟಿಸಿ ಹಾಕಬೇಕು. ಕೆಲಸಗಾರರು ಅಭ್ಯಾಸಬಲದಿಂದ ಒಳಮೈಗೆ ಹಾಕಿಬಿಡುವುದುಂಟು. ನೀವೇ ನಿಂತು ನೋಡಿಕೊಳ್ಳಿ. ಕೊಠಡಿಯೊಳಗಿನ ಸಾಪೇಕ್ಷ ಆರ್ದ್ರತೆ ಶೇ 60ರಿಂದ 70 ಇರಬೇಕು. ಬಹಳ ಕಡಿಮೆಯಾದರೆ ಕಾರ್ಕ್ ಒಣಗಿ ಬಾಟಲಿಯೊಳಗೆ ಗಾಳಿ ಸೇರುತ್ತದೆ, ಬಹಳ ಹೆಚ್ಚಾದರೆ ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ. ಕಡೂರು, ಅರಸೀಕೆರೆಯಂತಹ ಒಣ ಸೀಮೆಯವರಿಗೆ ಬೇಸಿಗೆಯಲ್ಲಿ ಇದರ ತದ್ವಿರುದ್ಧ ಚಿಂತೆ ಇರುವುದರಿಂದ, ಅವರು ತೇವ ಸೇರಿಸುವ ಸೌಲಭ್ಯವಿರುವ ಯಂತ್ರವನ್ನೇ ಕೇಳಬೇಕು.

ಈಗ ಯಂತ್ರದ ಆಯ್ಕೆ. ಮನೆಯ ಸಾಮಾನ್ಯ ಎ.ಸಿ.ಯನ್ನೇ ಹಾಕಿದರಾಗದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಅದು ಸಾಮಾನ್ಯವಾಗಿ 16 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಗಾಳಿಯನ್ನೂ ಅತಿಯಾಗಿ ಒಣಗಿಸುತ್ತದೆ. ಇಪ್ಪತ್ತು, ಮೂವತ್ತು ಬಾಟಲಿ ಇರುವವರು ಕೊಠಡಿಯ ಯೋಚನೆಯನ್ನೇ ಬಿಟ್ಟು, ವೈನ್‌ಗಾಗಿಯೇ ಮಾಡಿದ ಕಪಾಟಿನಂತಹ ಫ್ರಿಜ್ ಕೊಳ್ಳುವುದು ಮೇಲು. ಕೊಠಡಿಗೆಂದೇ ಬರುವ ಯಂತ್ರಗಳಲ್ಲಿ ಗೋಡೆಯಲ್ಲಿ ಕಿಂಡಿ ಕೊರೆದು ಕೂರಿಸುವುದು ಅಗ್ಗ, ಆದರೆ ಅದರ ಬಿಸಿಗಾಳಿ ಪಕ್ಕದ ಕೋಣೆಗೆ ಬರುತ್ತದೆ, ಸದ್ದೂ ಹೆಚ್ಚು. ಕಂಪ್ರೆಸರ್ ಹೊರಗಿರುವ ಸ್ಪ್ಲಿಟ್ ಮಾದರಿ ದುಬಾರಿಯಾದರೂ, ಬಿಸಿಯೂ ಸದ್ದೂ ಕಂಪನವೂ ಮನೆಯಾಚೆ ಉಳಿಯುವುದರಿಂದ ನಾನು ಇದನ್ನೇ ಸೂಚಿಸುತ್ತೇನೆ. ಹೊರಗಿನ ಭಾಗಕ್ಕೆ ಮಳೆ ಹೊಡೆಯದ, ಆದರೆ ಗಾಳಿಯಾಡುವ ಜಾಗ ಬೇಕು. ಇಳಿಯುವ ನೀರಿಗೆ ಕೊಳವೆ ಬೇಕು.

ಸಾಮರ್ಥ್ಯ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಗ ತಂಪು ಮಾಡಿ ನಿಂತು, ಮತ್ತೆ ಓಡಿ, ಹೀಗೆ ಪದೇ ಪದೇ ಹತ್ತಿ ಆರುವುದರಿಂದ ಕಂಪ್ರೆಸರ್ ಬೇಗ ಸವೆಯುತ್ತದೆ. ಮೇಲಿನ ಉದಾಹರಣೆಯ ಕೊಠಡಿಗೆ, ದೀಪ ಮತ್ತು ಬಾಗಿಲು ತೆರೆಯುವಿಕೆಯನ್ನು ಸೇರಿಸಿ, 500 ವ್ಯಾಟ್ ಶಾಖ ಹೊರಹಾಕುವ ಯಂತ್ರ ಸಾಕು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು, ತೋಟದ ಮನೆಗಳಲ್ಲಿ ವೋಲ್ಟೇಜ್ ಕುಸಿಯುವುದು ಇಲ್ಲಿ ಸಾಮಾನ್ಯ. ಸ್ಟೆಬಿಲೈಸರ್ ಜೊತೆಗೆ, ವಿದ್ಯುತ್ ಮರಳಿ ಬಂದ ಮೂರು ನಿಮಿಷದ ನಂತರವಷ್ಟೇ ಕಂಪ್ರೆಸರ್ ಚಾಲೂ ಮಾಡುವ ವ್ಯವಸ್ಥೆ ಇರಲಿ. ಯಂತ್ರ ಕೂರಿಸಿದ ಮೇಲೆ ಒಂದು ವಾರ ಖಾಲಿ ಕೊಠಡಿಯಲ್ಲೇ ಅದನ್ನು ಓಡಿಸಿ, ತಾಪ ಮತ್ತು ಆರ್ದ್ರತೆಯನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಟ್ಟುಕೊಳ್ಳಿ. ಎರಡೂ ಸ್ಥಿರವಾಗಿದ್ದರೆ ಬಾಟಲಿಗಳನ್ನು ಅಡ್ಡಲಾಗಿ ಮಲಗಿಸಿ ಜೋಡಿಸಬಹುದು.