ತೂಕದ ಮಾತು ಬಿಟ್ಟು ನಿದ್ದೆಯಿಂದ ಶುರು ಮಾಡಿದೆ

ಅಂಗನವಾಡಿಯಲ್ಲಿ ತೂಕ ನೋಡುವುದು ಅಂದರೆ ಸಣಕಲು ಮಕ್ಕಳನ್ನು ಹುಡುಕುವುದು ಅಂತಲೇ ಎಲ್ಲರ ಲೆಕ್ಕ. ನಮ್ಮ ಕೇಂದ್ರ ಇರುವುದು ತುಮಕೂರಿನ ಅಂಚಿನಲ್ಲಿ. ಹೆಚ್ಚಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ತೂಕ ಕಡಿಮೆ ಇರುವ ಮಕ್ಕಳು ಈಗಲೂ ಇದ್ದಾರೆ. ಅವರ ಪಕ್ಕದಲ್ಲೇ, ಎತ್ತರಕ್ಕೆ ತಕ್ಕುದಕ್ಕಿಂತ ಜಾಸ್ತಿ ತೂಗುವವರೂ ಬಂದು ಕೂರುತ್ತಿದ್ದಾರೆ. ಇದು ನಮ್ಮ ಬೀದಿಯ ಕತೆ ಮಾತ್ರ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015–16ರಲ್ಲಿ ಶೇ 2.1 ಇದ್ದರು, 2019–21ಕ್ಕೆ ಶೇ 3.4 ಆದರು.

ಇದನ್ನು ತಾಯಂದಿರ ಮುಂದೆ ಹೇಳಿ ನೋಡಿ! ‘ಈಗಷ್ಟೇ ಮೈ ಕೈ ತುಂಬಿಕೊಂಡಿದೆ, ದೃಷ್ಟಿ ಹಾಕಬೇಡಿ ಟೀಚರ್’ ಅಂತಾರೆ. ಅದಕ್ಕೇ ನಾನು ತೂಕದ ಮಾತೇ ಎತ್ತುವುದಿಲ್ಲ. ‘ರಾತ್ರಿ ಎಷ್ಟೊತ್ತಿಗೆ ಮಲಗುತ್ತಾನಮ್ಮ?’ ಅಂತ ಕೇಳುತ್ತೇನೆ. ನಿದ್ದೆ ವಿಷಯಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕೇಳಿದ್ದೇ ತಡ, ಹನ್ನೊಂದಾದರೂ ಮಲಗಲ್ಲ, ಫೋನ್ ಕಿತ್ತುಕೊಂಡರೆ ಬಿದ್ದು ಹೊರಳಾಡುತ್ತಾನೆ ಅಂತ ದೂರು ಅವರೇ ಬಿಚ್ಚುತ್ತಾರೆ.

ತೂಕ ಜಾಸ್ತಿ ಇದ್ದ ಮೂರೂವರೆ ವರ್ಷದ ಒಬ್ಬ ಹುಡುಗ ಹೀಗೇ ಇದ್ದ. ಉಳಿದವರು ಕೆರೆ–ದಡ ಆಡುವಾಗ ಇವನು ಬಿಸ್ಕತ್ತು ಪೊಟ್ಟಣ ಹಿಡಿದು, ಕಣ್ಣುಜ್ಜಿಕೊಂಡು ಬರುತ್ತಿದ್ದ. ಬಂದವನೇ ಗೋಡೆಗೆ ಒರಗಿ ಕೂತುಬಿಡುವುದು. ಮನೆಯವರು ಸೋಮಾರಿ ಅಂತಿದ್ದರು. ಸೋಮಾರಿತನ ಏನೂ ಅಲ್ಲ, ನಿದ್ದೆ ಸಾಲದು. ನಿದ್ದೆ ಸಾಲದ್ದಕ್ಕೆ ಆಡಲ್ಲ. ಆಡದೆ ಮೈ ದಣಿಯದ್ದಕ್ಕೆ ರಾತ್ರಿ ನಿದ್ದೆ ಬರಲ್ಲ.

ಮನೆಭೇಟಿಗೆ ಹೋದಾಗ ಅಜ್ಜಿ ಊಟ ಮಾಡಿಸುತ್ತಿದ್ದರು. ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ಕಾರ್ಟೂನ್. ಅಜ್ಜಿಯ ಬೆರಳು ತುಟಿಗೆ ತಾಗಿದರೆ ಬಾಯಿ ತೆರೆಯುತ್ತದೆ, ಕಣ್ಣು ಮಾತ್ರ ಅಲ್ಲಾಡಲ್ಲ. ತಟ್ಟೆ ಖಾಲಿ ಆಯಿತು, ಇನ್ನೊಂದು ಸೌಟು ಅನ್ನ ಬಂತು, ಅದೂ ಹೋಯಿತು. ಅಷ್ಟೂ ಹೊತ್ತು ಮಗು ‘ಸಾಕು’ ಅನ್ನಲಿಲ್ಲ, ‘ಬೇಕು’ ಅಂತಲೂ ಅನ್ನಲಿಲ್ಲ. ಹೊಟ್ಟೆ ತುಂಬಿದ್ದು ಅವನ ಗಮನಕ್ಕೇ ಬಂದಿರಲಿಕ್ಕಿಲ್ಲ.

‘ಬೇಗ ಮಲಗಿಸಿ’ ಅಂತ ನಾನು ಹೇಳಲು ಹೋಗಲಿಲ್ಲ. ನಿದ್ದೆ ಬರದ ಮಗುವನ್ನು ಮಲಗಿಸುವುದು ಯಾರ ಕೈಲೂ ಆಗಲ್ಲ. ಬೇಗ ಎಬ್ಬಿಸಿ ಅಂದೆ. ಎಷ್ಟೊತ್ತಿಗೇ ಮಲಗಿರಲಿ, ಬೆಳಗ್ಗೆ ಏಳಕ್ಕೆ ಏಳಬೇಕು, ಭಾನುವಾರವೂ ಅಷ್ಟೆ. ಮೊದಮೊದಲು ರಂಪ ಇರುತ್ತದೆ, ಅದನ್ನು ಮುಂಚೆಯೇ ಹೇಳಿಬಿಡಬೇಕು. ಕೇಂದ್ರದಲ್ಲಿ ಊಟ ಆದಮೇಲೆ ಮಲಗಿಸುತ್ತೇವೆ, ಆದರೆ ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ಎಬ್ಬಿಸುತ್ತೇವೆ. ಸಂಜೆವರೆಗೂ ಮಲಗಿದರೆ ರಾತ್ರಿಯ ಕತೆ ಮುಗಿಯಿತು. ಇನ್ನು ಫೋನ್. ರಾತ್ರಿ ಊಟ ಆದಮೇಲೆ ಅಪ್ಪನ ಫೋನೂ ಸೇರಿ ಅಡುಗೆಮನೆಯಲ್ಲಿ ಚಾರ್ಜಿಗೆ. ದೊಡ್ಡವರು ನೋಡುತ್ತಾ ಮಗುವಿಗೆ ಬೇಡ ಅಂದರೆ ಕೇಳುತ್ತಾ?

ಅಜ್ಜಿಯನ್ನು ಒಪ್ಪಿಸುವುದೇ ಕಷ್ಟ ಆಯಿತು. ತಟ್ಟೆಯನ್ನು ಅವನ ಮುಂದಿಡಿ, ಅವನೇ ಕಲಸಿ ತಿನ್ನಲಿ ಅಂದೆ. ‘ಅರ್ಧ ನೆಲಕ್ಕೇ ಹೋಗುತ್ತಲ್ಲ ಟೀಚರಮ್ಮ’ ಅಂದರು. ಹೋಗಲಿ ಬಿಡಿ ಅಜ್ಜಿ, ಕೋಳಿ ತಿನ್ನುತ್ತೆ ಅಂದೆ. ಮಗು ಕಡಿಮೆ ತಿಂದ ಅಂತ ಅವರಿಗೆ ಸಂಕಟ. ಕೇಂದ್ರಕ್ಕೆ ಬಂದು ಕೂರಿ ಅಂತ ಕರೆದೆ. ಒಂದು ಮಧ್ಯಾಹ್ನ ಪಕ್ಕದಲ್ಲೇ ಕೂತು, ಮೊಮ್ಮಗ ಯಾರೂ ತುತ್ತು ಇಡದೆ ಉಂಡು ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಸುಮ್ಮನಾದರು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿತು. ಮೂರು–ನಾಲ್ಕು ವರ್ಷದವರಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ, ಸ್ಕ್ರೀನ್ ಒಂದು ಗಂಟೆಗಿಂತ ಜಾಸ್ತಿ ಬೇಡ, ದಿನಕ್ಕೆ 180 ನಿಮಿಷ ಓಡಾಟ. ಈ ಮೂರು ಗಂಟೆ ಕೇಳಿ ತಾಯಂದಿರು ಗಾಬರಿ ಆಗುತ್ತಾರೆ. ಒಂದೇ ಸಲ ಆಗಬೇಕಿಲ್ಲ. ಕೇಂದ್ರಕ್ಕೆ ನಡೆದು ಬರುವುದೂ ಅದರಲ್ಲೇ ಬಂತು, ಸೊಪ್ಪಿನ ಚೀಲ ಹಿಡಿದು ಅಮ್ಮನ ಹಿಂದೆ ಓಡುವುದೂ ಬಂತು. ಅದರಲ್ಲಿ ಕಡಿಮೆ ಅಂದರೂ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು.

ನಮಗಿರುವುದು ಒಂದೇ ಕೋಣೆ, ಮುಂದೆ ಒಂದಿಷ್ಟು ಅಂಗಳ. ಎರಡು ಹಳೇ ಟೈರು, ಒಂದು ಮರಳ ಗುಡ್ಡೆ, ಜೂಟಾಟ. ಇಷ್ಟು ಸಾಕು. ಮಳೆ ಬಂದರೆ ಒಳಗೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ಕಪ್ಪೆ ಥರ ಕುಪ್ಪಳಿಸುವುದು. ‘ವಿಡಿಯೋ ಹಾಕಿದರೆ ಕುಣಿಯುತ್ತಾನೆ, ಅದೂ ವ್ಯಾಯಾಮ ಅಲ್ವಾ?’ ಅಂತ ಕೇಳುವವರಿದ್ದಾರೆ. ಫೋನ್ ಮಗುಚಿಟ್ಟು ಹಾಡು ಮಾತ್ರ ಹಾಕಿ ನೋಡಿ ಅಂತೀನಿ. ಪರದೆ ಕಂಡರೆ ಎರಡು ಹೆಜ್ಜೆ ಹಾಕಿ ಬಾಯಿ ಬಿಟ್ಟುಕೊಂಡು ನಿಂತುಬಿಡುತ್ತಾರೆ.

ಆ ಹುಡುಗನ ತೂಕ ಇಳಿಯಲಿಲ್ಲ. ಇಳಿಸಬೇಕು ಅಂತ ನಾನೂ ಹೊರಟಿರಲಿಲ್ಲ. ಬೆಳೆಯುವ ಮಗುವಿಗೆ ಊಟ ಕಟ್ ಮಾಡುವುದು ಅಪಾಯ. ತೂಕ ಹೆಚ್ಚೂಕಡಿಮೆ ಅಲ್ಲೇ ನಿಂತು ಎತ್ತರ ಏರಿತು. ಎತ್ತರಕ್ಕೆ ತಕ್ಕ ತೂಕ ಗುರುತಿಸುವ ಚಾರ್ಟಿನಲ್ಲಿ ಅವನ ಚುಕ್ಕಿ ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪ ಸರಿಯಾದ ಗೆರೆಯೊಳಗೆ ಸರಿಯುತ್ತಾ ಬಂತು. ಬಿಸ್ಕತ್ತು ಪೂರ್ತಿ ನಿಂತಿಲ್ಲ. ಮನೆಗೆ ನೆಂಟರು ಬಂದರೆ ಫೋನೂ ಹೊರಗೆ ಬರುತ್ತದೆ.

ಹೀಗೆ ಮನೆಯಲ್ಲೇ ಸರಿಹೋಗದವೂ ಇರುತ್ತವೆ. ಬಾಯಿ ತೆರೆದು ದಿನಾ ಗೊರಕೆ ಹೊಡೆಯುವ ಮಗು, ಹತ್ತು ಗಂಟೆ ಮಲಗಿಯೂ ಹಗಲೆಲ್ಲ ತೂಕಡಿಸುವ ಮಗು ಕಂಡರೆ ಟೈರು, ಮರಳು ಅಂತ ನಾನು ಕಾಯುವುದಿಲ್ಲ. ಮೂಗಿನ ಹಿಂದಿನ ಗ್ರಂಥಿಯೋ ಗಂಟಲಿನ ಟಾನ್ಸಿಲ್ಲೋ ಊದಿಕೊಂಡು ನಿದ್ದೆ ಕೆಡಿಸುತ್ತಿರಬಹುದು. ತಾಯಿ ಕಾರ್ಡ್ ಕೈಗೆ ಕೊಟ್ಟು ನೇರ ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತೇನೆ.