ಒಂಬತ್ತು ಸಾವಿರದ ಒಂದು ವರ್ಷ

ಬಿ.ಕಾಂ. ಮುಗಿಸಿದವರೂ ಅಪ್ರೆಂಟಿಸ್ ಆಗಬಹುದು ಅಂತ ನನಗೆ ಗೊತ್ತಾದದ್ದು ಕಾಲೇಜಿನಲ್ಲಲ್ಲ, ಕುಂದಗೋಳದ ಒಂದು ಝೆರಾಕ್ಸ್ ಅಂಗಡಿಯಲ್ಲಿ. ನಮ್ಮ ಕಡೆ ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರು. ಫಿಟ್ಟರ್, ಟರ್ನರ್, ಹೆಚ್ಚೆಂದರೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಬಿ.ಎ., ಬಿ.ಕಾಂ., ಬಿಬಿಎ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದೆ. ಎರಡು ತಿಂಗಳು ಏನೂ ಇಲ್ಲ. ಆಮೇಲೆ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದು ವಾಲ್ವ್ ಕಾರ್ಖಾನೆಯಿಂದ ಕರೆ ಬಂತು.

2022ರ ಆಗಸ್ಟ್ 1ಕ್ಕೆ ಸೇರಿದೆ. ಒಂದು ವರ್ಷದ ಕರಾರು, ತಿಂಗಳಿಗೆ 9,000 ರೂಪಾಯಿ. ಪದವೀಧರರಿಗೆ ಆಗ ಇದ್ದ ಕನಿಷ್ಠ ಸ್ಟೈಪೆಂಡೇ ಅದು. ನಮ್ಮ ಕಂಪನಿ ಅದರ ಮೇಲೆ ಒಂದು ರೂಪಾಯಿ ಹೆಚ್ಚು ಕೊಡಲಿಲ್ಲ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿಯವನೇ ಹೊರತು ಕಾರ್ಮಿಕನಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್ಐ ಇಲ್ಲ, ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಇದನ್ನೆಲ್ಲ ಸಹಿ ಹಾಕುವ ಮೊದಲು ಓದಬೇಕಿತ್ತು. ನಾನು ಓದಿದ್ದು ಮೂರನೇ ತಿಂಗಳಲ್ಲಿ, ಅದೂ ಬೇರೆ ಕೆಲಸದ ನಡುವೆ. ಆ 9,000ದಲ್ಲಿ ಅರ್ಧ, ಅಂದರೆ 4,500 ರೂಪಾಯಿಯನ್ನು ಕಂಪನಿ ಚೆನ್ನೈನ ಅಪ್ರೆಂಟಿಸ್ ತರಬೇತಿ ಮಂಡಳಿಯಿಂದ ವಾಪಸ್ ಪಡೆಯುತ್ತಿತ್ತು. ಆ ಕ್ಲೇಮ್ ಕಾಗದ ಜೋಡಿಸುವ ಕೆಲಸ ನನಗೇ ಬಂತು. ನನ್ನ ಹಾಜರಿ ನಾನೇ ಎಣಿಸಿ, ನನ್ನ ಅರ್ಧ ಪಗಾರ ವಾಪಸ್ ಕೊಡಿ ಅಂತ ನಾನೇ ಕೇಳಿದಂತೆ!

ಮೊದಲ ಎರಡು ತಿಂಗಳು ಟಪಾಲು. ಬೆಳಿಗ್ಗೆ ಬಂದ ಕಾಗದಕ್ಕೆ ಠಸ್ಸೆ ಒತ್ತು, ನಂಬರ್ ಹಾಕು, ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಬರಿ, ಸಂಬಂಧಪಟ್ಟವರ ಟೇಬಲ್‌ಗೆ ಕೊಟ್ಟು ಸಹಿ ತಗೋ. ಬಿಬಿಎ ಓದಿದ ಗೆಳತಿ ಬೆಂಗಳೂರಿನಿಂದ ಫೋನ್ ಮಾಡಿ ಏನು ಮಾಡ್ತೀ ಅಂದರೆ ‘ಅಡ್ಮಿನ್’ ಅನ್ನುತ್ತಿದ್ದೆ. ತರಬೇತಿ ಯೋಜನೆ ಅಂತ ಒಂದು ಹಾಳೆ ಫೈಲಿನಲ್ಲಿತ್ತು. ಮೂರು ತಿಂಗಳು ಖರೀದಿ, ಮೂರು ತಿಂಗಳು ಲೆಕ್ಕಪತ್ರ ಎಂದೆಲ್ಲ ಅಚ್ಚುಕಟ್ಟಾಗಿ ಬರೆದಿದ್ದರು. ಅದನ್ನು ಮತ್ತೆ ಯಾರೂ ತೆರೆದು ನೋಡಿದಂತಿಲ್ಲ.

ನನಗೆ ಕಲಿಸಲು ಯಾರಿಗೂ ಪುರಸೊತ್ತಿರಲಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ಟಪಾಲಿನವಳು ಎಲ್ಲ ಟೇಬಲ್‌ಗೂ ಹೋಗುತ್ತಾಳೆ. ಒಂದು ಬಿಲ್ ಬಂದರೆ ಅದು ಸ್ಟೋರ್ಸಿಗೆ ಹೋಗಿ, ಮಾಲು ಬಂದಿದೆ ಅಂತ ಜಿಆರ್‌ಎನ್ ಚೀಟಿ ಆಗಿ, ಖರೀದಿ ವಿಭಾಗ ಪಿಓ (ಖರೀದಿ ಆದೇಶ) ದರಕ್ಕೆ ತಾಳೆ ನೋಡಿ, ಆಮೇಲೆ ಅಕೌಂಟ್ಸಿಗೆ ಬರಬೇಕು. ಎಷ್ಟೋ ಬಿಲ್‌ಗಳು ನಡುವೆ ಎಲ್ಲೋ ಯಾವುದೋ ಡ್ರಾಯರ್‌ನಲ್ಲಿ ಮಲಗಿರುತ್ತಿದ್ದವು. ಸಪ್ಲೈಯರ್ ಫೋನ್ ಮಾಡಿ ಬೈದಾಗ ಹುಡುಕಾಟ. ನಾನು ರಿಜಿಸ್ಟರ್‌ನ ಬಲಬದಿಗೆ ಪೆನ್ಸಿಲ್‌ನಲ್ಲಿ ಒಂದು ಕಾಲಮ್ ಎಳೆದು, ಕಾಗದ ಈಗ ಯಾರ ಹತ್ತಿರ ಇದೆ ಅಂತ ದಿನಾ ಸಂಜೆ ಬರೆಯತೊಡಗಿದೆ. ಡಿಸ್ಪ್ಯಾಚಿನ ಕಾಕಾ ನೋಡಿ ನಕ್ಕರು: “ಏ ತಂಗಿ, ಮಂದಿ ಗುಟ್ಟು ರಟ್ಟು ಮಾಡಾಕ ಹತ್ತೀಯಲ್ಲ!” ಹದಿನೈದು ದಿನದಲ್ಲಿ ಅಕೌಂಟ್ಸ್ ಮೇಡಂ ಫೋನ್ ಇಟ್ಟು ನನ್ನನ್ನೇ ಕೇಳತೊಡಗಿದರು. ನನಗೆ ಅವರ ಪಕ್ಕದ ಕುರ್ಚಿ ಸಿಕ್ಕಿದ್ದು ಹೀಗೆ. ಅದಕ್ಕಿಂತ ಮೊದಲು ಎರಡು ಸಲ ಬಾಯಿಬಿಟ್ಟು ಕೇಳಿದ್ದೆ, ‘ನೋಡೋಣವಾ’ ಅಂದಿದ್ದರು.

ಅಲ್ಲಿಂದ ಕೆಲಸ ಬಂತು. ಇಂಡೆಂಟ್, ಅಂದರೆ ಇಂಥದ್ದು ಬೇಕು ಅನ್ನುವ ಚೀಟಿ, ಬಂದರೆ ಮೂರು ಕಡೆಯಿಂದ ಕೊಟೇಶನ್ ತರಿಸಿ ದರ ಹೋಲಿಸುವ ಕಂಪ್ಯಾರಿಟಿವ್ ಮಾಡುವುದು, ಸಣ್ಣಪುಟ್ಟ ಖರ್ಚಿನ ಪೆಟ್ಟಿ ಕ್ಯಾಶ್ ವೋಚರ್, ಮಾಲು 50,000 ರೂಪಾಯಿ ದಾಟಿದರೆ ಸಾಗಣೆಗೆ ಇ-ವೇ ಬಿಲ್. ಬಿ.ಕಾಂ.ನಲ್ಲಿ ಜಿಎಸ್‌ಟಿ ಓದಿ ಒಳ್ಳೆ ಅಂಕವನ್ನೇ ತೆಗೆದಿದ್ದೆ. ಆದರೆ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ನಮ್ಮದು 29, ತಮಿಳುನಾಡಿನದು 33 ಅಂತ ಬೆರಳಿಟ್ಟು ತೋರಿಸಿದವರು ಮೇಡಂ. ಒಮ್ಮೆ ಕೊಯಮತ್ತೂರಿನ ಎರಕದ ಮಾಲಿನ ಬಿಲ್‌ನಲ್ಲಿ, ಬೇರೆ ರಾಜ್ಯದ ಮಾಲಿಗೆ ಹಾಕುವ ಐಜಿಎಸ್‌ಟಿ ಬದಲು ರಾಜ್ಯದೊಳಗಿನ ಮಾಲಿಗೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದರು. ಅದು ನನ್ನ ಕಣ್ಣಿಗೆ ಬಿದ್ದ ದಿನ ಕ್ಯಾಂಟೀನ್‌ನಲ್ಲಿ ಎರಡು ಪ್ಲೇಟ್ ಗಿರ್ಮಿಟ್ ತಿಂದೆ.

ಜಂಬ ಬಂತು ಅನ್ನಿ. ಅದು ಇಳಿದದ್ದು 2023ರ ಏಪ್ರಿಲ್ ಪಗಾರದಲ್ಲಿ.

ಪಗಾರ ಪತ್ರಕ ತಯಾರಿಸುವುದು ಆಗ ನನ್ನ ಕೆಲಸವಾಗಿತ್ತು. ಹಾಜರಿ ತುಂಬುವುದು, ಓಟಿ ಸೇರಿಸುವುದು, ಪಿಎಫ್, ಇಎಸ್ಐ, ಪಿಟಿ ಹಿಡಿಯುವುದು. ಹಿಂದಿನ ತಿಂಗಳ ಎಕ್ಸೆಲ್ ಹಾಳೆ ಕಾಪಿ ಮಾಡಿ ಹಾಜರಿ ಬದಲಿಸಿದರೆ ಉಳಿದದ್ದು ತಾನೇ ಬರುತ್ತಿತ್ತು. ಪಿಟಿ, ಅಂದರೆ ವೃತ್ತಿ ತೆರಿಗೆ, 15,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಪಗಾರ ಇದ್ದವರಿಗೆ ತಿಂಗಳಿಗೆ 200 ರೂಪಾಯಿ ಅಂತ ಫಾರ್ಮುಲಾ. ಮೇಡಂ ಮಗಳ ಬಾಣಂತನಕ್ಕೆ ರಜೆಯಲ್ಲಿದ್ದರು. ಹಾಳೆ ಸರಿ ಬಂತು, ಸರ್ ಸಹಿ ಹಾಕಿದರು, ಪಗಾರ ಬ್ಯಾಂಕಿಗೆ ಹೋಯಿತು.

ಮೂರು ದಿನ ಬಿಟ್ಟು ಮಷಿನ್ ಶಾಪಿನ ಒಬ್ಬರು ಪಗಾರ ಚೀಟಿ ಹಿಡಿದು ಬಂದರು. “ತಂಗಿ, ನಮ್ಮ ತಮ್ಮನ ಫ್ಯಾಕ್ಟರ್ಯಾಗ ಈ ಸಲ ಪಿಟಿ ಹಿಡದಿಲ್ಲಂತ. ನಮ್ಮದ್ಯಾಕ ಹಿಡದೀರಿ?” ಅವರ ಪಗಾರ 18,400. ಮೊದಲಿನಿಂದಲೂ ಹಿಡಿಯುತ್ತಿದ್ದೆವಲ್ಲ ಅಂದೆ. ಅಂದು ಕಳಿಸಿಯೂ ಬಿಟ್ಟೆ. ಅವರು ಹೋದ ಮೇಲೆ ಯಾಕೋ ಮನಸ್ಸು ತಡೆಯದೆ ಹುಡುಕಿದರೆ, ರಾಜ್ಯದಲ್ಲಿ ಏಪ್ರಿಲ್ 1ರಿಂದ ಆ ಮಿತಿ 25,000ಕ್ಕೆ ಏರಿದೆ! ಹಾಳೆಯಲ್ಲಿ ಎಣಿಸಿದೆ: ಇಪ್ಪತ್ಮೂರು ಮಂದಿ, 4,600 ರೂಪಾಯಿ. ನನ್ನ ಅರ್ಧ ತಿಂಗಳ ಸ್ಟೈಪೆಂಡ್‌ಗಿಂತ ನೂರು ಹೆಚ್ಚು. ಅಳು ಬಂತು.

ಸರ್ ಹತ್ತಿರ ಹೋಗಿ ಹೇಳಿದೆ. ಬೈಯಲಿಲ್ಲ. “ಚಲನ್ ಕಟ್ಟಿಯೇನು?” ಅಂತ ಒಂದೇ ಕೇಳಿದರು. ಕಟ್ಟಿರಲಿಲ್ಲ; ಮೇ 20ರವರೆಗೆ ಅವಕಾಶವಿತ್ತು. ದುಡ್ಡು ಇನ್ನೂ ನಮ್ಮಲ್ಲೇ ಇದೆ ಅಂದ ಮೇಲೆ ಸರಿಪಡಿಸುವುದು ಕಷ್ಟವಿರಲಿಲ್ಲ. ಮುಂದಿನ ಪಗಾರದಲ್ಲಿ ಸೇರಿಸೋಣ ಅಂದರು. ನಾನು ಬೇಡ, ಈಗಲೇ ಕೈಗೆ ಕೊಡೋಣ ಅಂದೆ. ಅಪ್ರೆಂಟಿಸ್ ಆಗಿ ಸರ್ ಮಾತಿಗೆ ಎದುರಾಡಿದ್ದು ಅದೊಂದೇ ಸಲ. ಪೆಟ್ಟಿ ಕ್ಯಾಶ್‌ನಿಂದ ತೆಗೆದು ಇಪ್ಪತ್ಮೂರು ವೋಚರ್ ಬರೆದು ಶಾಪಿಗೆ ಹೋಗಿ ಹಂಚಿದೆ. ಹಿರಿಯರೊಬ್ಬರು ರೆವಿನ್ಯೂ ಸ್ಟ್ಯಾಂಪ್ ಇಲ್ಲದೆ ಸಹಿ ಹಾಕಲ್ಲ ಅಂತ ಹಟ ಹಿಡಿದರು. ಅದು ಬೇಕಾಗುವುದು 5,000 ದಾಟಿದರೆ ಮಾತ್ರ ಅಂತ ಹೇಳಿ ಹೇಳಿ ಸಾಕಾಯಿತು. ಕೊನೆಗೆ ನನ್ನ ಕೈಯಿಂದ ಒಂದು ರೂಪಾಯಿ ಹಾಕಿ ಅಂಟಿಸಿದೆ. ಚೀಟಿ ಹಿಡಿದು ಬಂದಿದ್ದವರ ಹತ್ತಿರ ಕೊನೆಗೆ ಹೋದೆ. “ಮೊದಲs ನೋಡಿದ್ರ ಚೊಲೊ ಇತ್ತಲ್ಲವಾ,” ಅಂದರು, ಎಣಿಸದೇ ಕಿಸೆಗೆ ಹಾಕಿಕೊಂಡರು.

ಅಂದಿನಿಂದ ಒಂದು ರೂಢಿ: ಹಳೆಯ ಹಾಳೆ ಕಾಪಿ ಮಾಡುವ ಮೊದಲು ಪ್ರತಿ ಕಡಿತದ ದರವನ್ನು ಆಯಾ ಇಲಾಖೆಯ ತಾಣದಲ್ಲಿ ನೋಡುತ್ತೇನೆ. ಏಪ್ರಿಲ್‌ನಲ್ಲಂತೂ ತಪ್ಪದೆ. ದರಗಳನ್ನು ಫಾರ್ಮುಲಾದ ಹೊಟ್ಟೆಯೊಳಗೆ ಬರೆಯದೆ, ಮೇಲೆ ಬೇರೆ ಸಾಲಿನಲ್ಲಿ ಕಣ್ಣಿಗೆ ಕಾಣುವಂತೆ ಇಡುತ್ತೇನೆ.

ಬಸ್ಸಿನ ಮಾತೂ ಹೇಳಬೇಕು. ಕುಂದಗೋಳದಿಂದ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್. ಸ್ಟೈಪೆಂಡ್‌ನಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ; ನನ್ನ ಕರಾರಿನಲ್ಲಿ ಒಂದೂವರೆ ತಿಂಗಳಷ್ಟೇ ಉಳಿದಿತ್ತು. ದೂರದ ಊರಿಂದ ಬಂದು ಪಿಜಿಯಲ್ಲಿದ್ದು ಇಷ್ಟು ದುಡ್ಡಿನಲ್ಲಿ ಮಾಡುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ, ಮನೆಯವರು ಕೈಹಿಡಿಯದಿದ್ದರೆ ಆಗದ ಮಾತು.

ಜುಲೈ 31ಕ್ಕೆ ಮುಗಿಯಿತು. ಪ್ರಮಾಣಪತ್ರ ಬಂತು, ಕೆಲಸ ಕೊಡಲಿಲ್ಲ. ಮರುದಿನವೇ ನನ್ನ ಕುರ್ಚಿಗೆ ಇನ್ನೊಬ್ಬ ಅಪ್ರೆಂಟಿಸ್ ಬಂದ ಅಂತ ಕಾಕಾ ಫೋನ್ ಮಾಡಿ ಹೇಳಿದರು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ 16,500ಕ್ಕೆ ಸೇರಿದೆ. ಮೊದಲ ಪಗಾರ ಚೀಟಿ ಕೈಗೆ ಬಂದಾಗ ನಾನು ನೋಡಿದ್ದು ಪಿಟಿ ಕಾಲಮ್ಮು. ಸೊನ್ನೆ ಇತ್ತು.