ಅನಿವಾಸಿಯಾದ ಮೇಲೆ ಬೆಂಗಳೂರಿನ ಕ್ರಿಪ್ಟೊ ಖಾತೆಯಿಂದ ಹೊರಬಂದದ್ದು

ನಾನು ಈಗ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಕ್ರಿಪ್ಟೊ ಕೊಂಡದ್ದು ಬೆಂಗಳೂರಿನಲ್ಲಿದ್ದಾಗ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿದ ಮೇಲೆ ಬ್ಯಾಂಕ್ ಖಾತೆಯಿಂದ ಎಕ್ಸ್‌ಚೇಂಜ್‌ಗೆ (ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆಗೆ) ಹಣ ಹಾಕುವುದು ಮತ್ತೆ ಸಾಧ್ಯವಾಯಿತು. ಸಂಬಳದಲ್ಲಿ ಉಳಿದ ಹಣದಿಂದ ಆಗಾಗ ಬಿಟ್‌ಕಾಯಿನ್, ಈಥರ್, ಜೊತೆಗೆ ಒಂದೆರಡು ಸಣ್ಣಪುಟ್ಟ ನಾಣ್ಯಗಳನ್ನು ಕೊಂಡೆ. 2021ರಲ್ಲಿ ಕೆಲಸದ ಮೇಲೆ ಇಲ್ಲಿಗೆ ಬಂದೆ. ಬಂದ ಕೂಡಲೇ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಬದಲಿಸಿಕೊಂಡೆ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಅನಿವಾಸಿ ಎಂದು ದಾಖಲಿಸಿದೆ. ಎಕ್ಸ್‌ಚೇಂಜ್‌ಗೂ ಬರೆದು ತಿಳಿಸಿದೆ. ಆದರೆ ಅವರ ಅರ್ಜಿಯಲ್ಲಿ ಅದನ್ನು ತುಂಬಲು ಆಗ ಜಾಗವೇ ಇರಲಿಲ್ಲ.

ಆ ಜಾಗ ಬಂದದ್ದು 2024ರಲ್ಲಿ. ಕೇಂದ್ರ ಸರ್ಕಾರ 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ಕ್ರಿಪ್ಟೊ ವ್ಯವಹಾರ ನಡೆಸುವ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತ್ತು. ಅದಾದ ಮೇಲೆ ಹಳೆಯ ಗ್ರಾಹಕರಿಂದಲೂ ಕೆವೈಸಿ ಮತ್ತೆ ಕೇಳತೊಡಗಿದರು. ನನಗೂ ಕರೆ ಬಂತು. ಪರದೆಯ ಮೇಲೆ ಪ್ಯಾನ್, ವಿಳಾಸ, ಅದರ ಕೆಳಗೆ ಒಂದು ಪ್ರಶ್ನೆ: ನೀವು ತೆರಿಗೆಯ ದೃಷ್ಟಿಯಿಂದ ಭಾರತದ ನಿವಾಸಿಯೇ? ಇಲ್ಲ ಎಂದು ಗುರುತು ಹಾಕಿ ಮ್ಯೂನಿಕ್ ವಿಳಾಸ ಕೊಟ್ಟೆ. ಮರುದಿನ ಲಾಗಿನ್ ಆದಾಗ ನಾಣ್ಯಗಳು ಕಾಣುತ್ತಿದ್ದವು, ಅವುಗಳ ಬೆಲೆ ಏರಿಳಿಯುವುದೂ ಕಾಣುತ್ತಿತ್ತು. ಕೊಳ್ಳುವ, ಮಾರುವ, ಹೊರಗೆ ಕಳುಹಿಸುವ ಗುಂಡಿಗಳು ಮಾತ್ರ ಬೂದು ಬಣ್ಣಕ್ಕೆ ತಿರುಗಿದ್ದವು.

ಇದೇ ಸ್ಥಿತಿಯಲ್ಲಿರುವ ಅನೇಕ ಕನ್ನಡಿಗರನ್ನು ಇಲ್ಲಿ ಬಲ್ಲೆ. ಅವರಲ್ಲಿ ಹೆಚ್ಚಿನವರು ಇದನ್ನು ಎಕ್ಸ್‌ಚೇಂಜ್‌ನ ದಬ್ಬಾಳಿಕೆ ಎಂದೇ ತಿಳಿದಿದ್ದಾರೆ. ಬೇರು ಇರುವುದು ತೆರಿಗೆ ಕಾಯ್ದೆಯಲ್ಲಿ (ನಾನು ಹೇಳುವ ಭಾರತದ ಕಲಮು, ನಮೂನೆಗಳ ಸಂಖ್ಯೆಗಳು 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಕಾಯ್ದೆಯವು). 2022ರ ಜುಲೈ 1ರಿಂದ ಜಾರಿಗೆ ಬಂದ 194ಎಸ್ ಕಲಮು ಕ್ರಿಪ್ಟೊ ಮಾರಾಟದ ಮೊತ್ತದ ಮೇಲೆ ಶೇಕಡ 1ರಷ್ಟು ಟಿಡಿಎಸ್ ಕಡಿತ ಮಾಡಬೇಕು ಎನ್ನುತ್ತದೆ. ಲಾಭವಿರಲಿ ನಷ್ಟವಿರಲಿ, 5 ಲಕ್ಷಕ್ಕೆ ಮಾರಿದರೆ 5,000 ರೂಪಾಯಿ ಮುರಿದುಕೊಳ್ಳುತ್ತಾರೆ. ಆದರೆ ಆ ಕಲಮು ಮಾತನಾಡುವುದು ಹಣ ಪಡೆಯುವವರು ನಿವಾಸಿಯಾಗಿದ್ದರೆ ಮಾತ್ರ. ಮಾರುವವನು ಅನಿವಾಸಿಯಾದರೆ 195ನೇ ಕಲಮು ಅನ್ವಯವಾಗುತ್ತದೆ. ಅಲ್ಲಿ ಶೇಕಡ 1 ಸಾಲದು, ತೆರಿಗೆಗೆ ಒಳಪಡುವ ಆದಾಯದ ಮೇಲೆ ಪೂರ್ತಿ ದರದಲ್ಲಿ ಕಡಿತವಾಗಬೇಕು. ಕ್ರಿಪ್ಟೊಗೆ ಆ ದರ ಶೇಕಡ 30, ಮೇಲೆ ಶೇಕಡ 4ರ ಸೆಸ್. ಲಾಭ ಎಷ್ಟೆಂದು ಲೆಕ್ಕ ಹಾಕಬೇಕಾದರೆ ಪ್ರತಿಯೊಂದು ನಾಣ್ಯವನ್ನು ಎಷ್ಟಕ್ಕೆ ಕೊಂಡದ್ದು ಎಂಬುದು ಗೊತ್ತಿರಬೇಕು. ಅನಿವಾಸಿಗಳಿಗೆಂದೇ ಇರುವ 27ಕ್ಯೂ ನಮೂನೆಯಲ್ಲಿ ವಿವರ ಸಲ್ಲಿಸಬೇಕು. ಕ್ಷಣಕ್ಕೆ ಸಾವಿರಾರು ಜನ ಪರಸ್ಪರ ಕೊಂಡು ಮಾರುವ ಜಾಗದಲ್ಲಿ ಶೇಕಡ 1ನ್ನು ಯಂತ್ರ ಕತ್ತರಿಸಬಲ್ಲದು, ಇಷ್ಟನ್ನು ಮಾಡಲಾರದು. ಕಡಿತ ತಪ್ಪಿದರೆ ಹೊಣೆ ಕಡಿತ ಮಾಡಬೇಕಾದವರ ತಲೆಗೆ. ಹೀಗಾಗಿ ಅವರು ಅನಿವಾಸಿಗಳ ಬಾಗಿಲನ್ನೇ ಮುಚ್ಚುತ್ತಾರೆ. ತೆರಿಗೆ ಕಟ್ಟು ಎನ್ನುವ ಕಾಯ್ದೆ, ಕಟ್ಟಲು ಸಿದ್ಧನಿರುವವನಿಗೆ ಮಾರುವ ದಾರಿಯನ್ನೂ ತೋರಿಸಬೇಕಿತ್ತು. ನನ್ನ ಸಿಟ್ಟು ಇಂದಿಗೂ ಈ ವಿಷಯದಲ್ಲಿ ತಣ್ಣಗಾಗಿಲ್ಲ.

ಸಲಹೆಗಳು ಧಾರಾಳವಾಗಿ ಬಂದವು. ಆಧಾರ್‌ನಲ್ಲಿ ಇನ್ನೂ ಬನಶಂಕರಿಯ ವಿಳಾಸವಿದೆಯಲ್ಲ, ನಿವಾಸಿ ಎಂದೇ ತಿದ್ದಿ ಕಳುಹಿಸು ಎಂದರು ಒಬ್ಬರು. ತಮ್ಮನ ಹೆಸರಿನಲ್ಲಿ ಖಾತೆ ತೆರೆಸಿ ಅಲ್ಲಿಗೆ ದಾಟಿಸು ಎಂದರು ಇನ್ನೊಬ್ಬರು. ಎರಡೂ ಬೇಡವೆಂದೆ. ನನ್ನ ಪ್ಯಾನ್ ಅನಿವಾಸಿ ಎನ್ನುತ್ತಿರುವಾಗ ಅದೇ ಪ್ಯಾನ್ ಕೊಟ್ಟು ನಿವಾಸಿ ಎಂದು ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. ಇನ್ನು ನನ್ನ ಲಾಭದ ತೆರಿಗೆಯನ್ನು, ಅದಕ್ಕೆ ಬರಬಹುದಾದ ನೋಟಿಸನ್ನು ತಮ್ಮನ ಕೊರಳಿಗೆ ಕಟ್ಟುವ ಹಕ್ಕು ನನಗಿಲ್ಲ. ಮುಚ್ಚಿಡುವ ಕಾಲವೂ ಮುಗಿಯುತ್ತಿದೆ: ಐರೋಪ್ಯ ಒಕ್ಕೂಟದಲ್ಲಿ 2026ರ ಜನವರಿ 1ರಿಂದ ಕ್ರಿಪ್ಟೊ ಸಂಸ್ಥೆಗಳು ಗ್ರಾಹಕರ ವಾಸದ ದೇಶ, ತೆರಿಗೆ ಸಂಖ್ಯೆ, ವ್ಯವಹಾರದ ಮೊತ್ತಗಳನ್ನು ಸಂಗ್ರಹಿಸಿ ತೆರಿಗೆ ಅಧಿಕಾರಿಗಳಿಗೆ ಕೊಡಬೇಕೆಂಬ ನಿಯಮ ಬಂದಿದೆ.

ಮೊದಲು ಮಾಡಿದ ಕೆಲಸ ದಾಖಲೆ ಇಳಿಸಿಕೊಂಡದ್ದು. ಖಾತೆಯೊಳಗೆ ಹೋಗಲು ಬಿಡುತ್ತಿರುವಾಗಲೇ ಇದನ್ನು ಮುಗಿಸಬೇಕು. ನಾಳೆ ಲಾಗಿನ್ನೂ ನಿಲ್ಲಬಹುದು. ಕೊಂಡ ವಿವರ, ಮಾರಿದ ವಿವರ, ರೂಪಾಯಿ ಹಾಕಿದ ಮತ್ತು ತೆಗೆದ ವಿವರ, ಪ್ರತಿ ವರ್ಷದ ತೆರಿಗೆ ವರದಿ, ಎಲ್ಲವನ್ನೂ ಬೇರೆ ಬೇರೆಯಾಗಿ ಇಳಿಸಿಕೊಂಡೆ. ಜೊತೆಗೆ ಇಲಾಖೆಯ 26ಎಎಸ್ (ನನ್ನ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವರ್ಷದ ಹಣಕಾಸು ವ್ಯವಹಾರಗಳ ಪಟ್ಟಿ). ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಸಾಲಿಗೆ ಸಾಲು ತಾಳೆ ನೋಡಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಎಕ್ಸ್‌ಚೇಂಜ್‌ನ ಪಟ್ಟಿಯಲ್ಲಿ ಸಮಯ ಇರುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಕಾಲಮಾನದಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಏಪ್ರಿಲ್ 1ರ ನಸುಕಿನ 2 ಗಂಟೆಗೆ ನಡೆದ ವ್ಯವಹಾರ ಅಲ್ಲಿ ಮಾರ್ಚ್ 31ರ ರಾತ್ರಿ 8.30 ಎಂದು ಕಾಣುತ್ತದೆ. ಆರ್ಥಿಕ ವರ್ಷವೇ ಬದಲಾಗಿಬಿಡುತ್ತದೆ. ಇಡೀ ಪಟ್ಟಿಗೆ ಭಾರತೀಯ ಕಾಲಮಾನದ ಒಂದು ಅಂಕಣ ಸೇರಿಸಿದ ಮೇಲೆ ಬ್ಯಾಂಕಿನ ದಿನಾಂಕಗಳೂ ಅದೂ ಹೊಂದಿದವು.

ಈ ಕಡತ ಹಿಡಿದು ರಜೆಯಲ್ಲಿ ಊರಿಗೆ ಬಂದಾಗ ಜಯನಗರದ ನಮ್ಮ ಲೆಕ್ಕಪರಿಶೋಧಕರನ್ನು ಕಂಡೆ. ವಯಸ್ಸಾದವರು, ನಿಧಾನಿ. ಎಲ್ಲಕ್ಕಿಂತ ಮೊದಲು ಅವರು ನೋಡಿದ್ದು ಪಾಸ್‌ಪೋರ್ಟ್‌ನ ಮೊಹರುಗಳನ್ನು. ಪ್ರತಿ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 182 ದಿನಗಳಿಗಿಂತ ಕಡಿಮೆಯೇ ಎಂದು ಎಣಿಸಿದರು. ಭಾರತದಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ಈ ಮಿತಿ 120 ದಿನಕ್ಕೆ ಇಳಿಯಬಹುದು, ಕ್ರಿಪ್ಟೊ ಲಾಭವೂ ಆ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಮಾರುವ ವರ್ಷ ಊರಿನಲ್ಲಿ ಹೆಚ್ಚು ದಿನ ಉಳಿಯಬೇಡಿ ಎಂದರು.

ನಂತರ ಅವರು ಕಾಗದದ ಮೇಲೆ ಬರೆದು ತೋರಿಸಿದ ಒಂದು ಲೆಕ್ಕ ನನ್ನನ್ನು ತಬ್ಬಿಬ್ಬುಗೊಳಿಸಿತು. ಒಂದು ನಾಣ್ಯದಲ್ಲಿ 2 ಲಕ್ಷ ಲಾಭ, ಇನ್ನೊಂದರಲ್ಲಿ ಒಂದೂವರೆ ಲಕ್ಷ ನಷ್ಟ ಎಂದುಕೊಳ್ಳಿ. ಕೈಗೆ ದಕ್ಕಿದ್ದು 50,000. ಆದರೆ 115ಬಿಬಿಎಚ್ ಕಲಮು ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡುವುದಿಲ್ಲ, ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನೂ ಒಪ್ಪುವುದಿಲ್ಲ. 2 ಲಕ್ಷಕ್ಕೆ ಶೇಕಡ 30 ಅಂದರೆ 60,000, ಅದರ ಮೇಲೆ ಸೆಸ್ 2,400. ಒಟ್ಟು 62,400. ಗಳಿಸಿದ್ದಕ್ಕಿಂತ ತೆರಿಗೆಯೇ ಹೆಚ್ಚು! ನನ್ನ ಸಣ್ಣ ನಾಣ್ಯಗಳು ನೆಲಕಚ್ಚಿದ್ದವು. ಆ ನಷ್ಟ ಲೆಕ್ಕಕ್ಕೇ ಬರಲಿಲ್ಲ.

ಜರ್ಮನಿಯ ಕಡೆ ಚಿತ್ರ ಪೂರ್ತಿ ಬೇರೆ. ಇಲ್ಲಿನ ಆದಾಯ ತೆರಿಗೆ ಕಾಯ್ದೆಯ 23ನೇ ಕಲಮಿನ ಪ್ರಕಾರ ವೈಯಕ್ತಿಕವಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ನಾಣ್ಯವನ್ನು ಮಾರಿದರೆ ಲಾಭಕ್ಕೆ ತೆರಿಗೆಯಿಲ್ಲ. ನನ್ನವೆಲ್ಲ ಅದಕ್ಕಿಂತ ಹಳೆಯವು. ಹಾಗಾದರೆ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದವನ್ನು ಮುಂದಿಟ್ಟು ಭಾರತದಲ್ಲೂ ಕಟ್ಟದೆ ಇರಬಹುದೇ ಎಂದು ಕೇಳಿದೆ. ಇಲ್ಲಿನ ತೆರಿಗೆ ಕಚೇರಿಯಿಂದ ವಾಸ ಪ್ರಮಾಣಪತ್ರ, ಇಲಾಖೆಗೆ ಒಪ್ಪಂದದ ಲಾಭ ಕೇಳುವ 10ಎಫ್ ನಮೂನೆ ಕೊಟ್ಟು ಹಾಗೆ ವಾದಿಸಬಹುದು, ವಾದ ವರ್ಷಗಟ್ಟಲೆ ಎಳೆಯಲೂಬಹುದು ಎಂದರು. ಭಾರತದ ಎಕ್ಸ್‌ಚೇಂಜ್, ಭಾರತದ ಬ್ಯಾಂಕ್, ರೂಪಾಯಿಯಲ್ಲಿ ಮಾರಾಟ. ದೊಡ್ಡ ಮೊತ್ತವಿದ್ದವರು ಈ ವಾದವನ್ನು ತಜ್ಞರೊಂದಿಗೆ ಚರ್ಚಿಸಲೇಬೇಕು. ನನ್ನ ಮೊತ್ತಕ್ಕೆ ನೆಮ್ಮದಿ ಮುಖ್ಯವೆನಿಸಿತು, ಕಟ್ಟಲು ನಿರ್ಧರಿಸಿದೆ.

ಎಕ್ಸ್‌ಚೇಂಜ್‌ನ ಗ್ರಾಹಕ ಸೇವೆಗೆ ಬರೆದ ಪತ್ರಗಳಿಗೆಲ್ಲ ಒಂದೇ ಸಿದ್ಧ ಉತ್ತರ ಬರುತ್ತಿತ್ತು. ಕೊನೆಗೆ ಕುಂದುಕೊರತೆ ಅಧಿಕಾರಿಗೆ ನೇರವಾಗಿ ಬರೆದೆ. ಖಾತೆ ಮುಂದುವರಿಸಿ ಎಂದು ಕೇಳಲಿಲ್ಲ, ಮುಚ್ಚಿಕೊಡಿ ಎಂದು ಕೇಳಿದೆ. ಇದೇ ಕೆಲಸ ಮಾಡಿತು ಎಂದು ನನ್ನ ನಂಬಿಕೆ. ಪತ್ರದ ಜೊತೆ ನಾಣ್ಯವಾರು ಕೊಂಡ ಬೆಲೆಯ ಪಟ್ಟಿ, ಲೆಕ್ಕಪರಿಶೋಧಕರ ಸಹಿಯಿದ್ದ ಲಾಭದ ಲೆಕ್ಕ, ಎನ್‌ಆರ್‌ಒ ಖಾತೆಯ ರದ್ದುಪಡಿಸಿದ ಚೆಕ್ಕು, 195ನೇ ಕಲಮಿನಡಿ ಕಡಿತಕ್ಕೆ ನನ್ನ ಲಿಖಿತ ಒಪ್ಪಿಗೆ ಇಟ್ಟೆ. ಅವರ ಕಾನೂನು ವಿಭಾಗದಿಂದ ಹಲವು ಪ್ರಶ್ನೆಗಳು ಬಂದವು. ಕೊನೆಗೆ ಎಕ್ಸ್‌ಚೇಂಜೇ ಕೊಳ್ಳುವವನಾಗಿ ನಿಂತು ಒಂದೇ ಬಾರಿಗೆ ಎಲ್ಲವನ್ನೂ ಕೊಂಡು, ತೆರಿಗೆ ಮುರಿದುಕೊಂಡು, ಉಳಿದದ್ದನ್ನು ಎನ್‌ಆರ್‌ಒ ಖಾತೆಗೆ ಹಾಕಿತು. ನಾಣ್ಯಗಳನ್ನು ನನ್ನದೇ ವ್ಯಾಲೆಟ್‌ಗೆ (ಎಕ್ಸ್‌ಚೇಂಜ್‌ನ ಹೊರಗೆ ನಾಣ್ಯ ಇಟ್ಟುಕೊಳ್ಳುವ ಡಿಜಿಟಲ್ ಚೀಲಕ್ಕೆ) ಕಳುಹಿಸುವ ಅವಕಾಶ ಕೊಡಲಿಲ್ಲ.

ಆದಾಯ ತೆರಿಗೆ ರಿಟರ್ನ್ ಆದ ಐಟಿಆರ್-2ರಲ್ಲಿ ಕ್ರಿಪ್ಟೊ ಲಾಭ ತೋರಿಸುವ ವಿಡಿಎ ಅನುಸೂಚಿ ತುಂಬುವುದು ಕಷ್ಟವಾಗಲಿಲ್ಲ, ಪಟ್ಟಿ ಸಿದ್ಧವಿತ್ತಲ್ಲ. ಕಡಿತವಾದ ತೆರಿಗೆ 26ಎಎಸ್‌ನಲ್ಲಿ ಕಾಣಿಸಿಕೊಂಡ ಮೇಲೆಯೇ ಸಲ್ಲಿಸಿದೆ. ಎನ್‌ಆರ್‌ಒ ಖಾತೆಯಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಹೊರದೇಶಕ್ಕೆ ಹಣ ಕಳುಹಿಸುವಾಗ ತೆರಿಗೆಯ ಬಗ್ಗೆ ಕೊಡಬೇಕಾದ 15ಸಿಎ ನಮೂನೆ ಮತ್ತು ಲೆಕ್ಕಪರಿಶೋಧಕರ 15ಸಿಬಿ ಪ್ರಮಾಣಪತ್ರ ಕೊಟ್ಟು ಹಣ ತರಿಸಿಕೊಂಡೆ. ಇಲ್ಲಿನ ಬ್ಯಾಂಕ್ ಹಣದ ಮೂಲ ಕೇಳಿತು. ಅದೇ ಕಡತವನ್ನು ಅನುವಾದವಿಲ್ಲದೆ ಇಂಗ್ಲಿಷ್‌ನಲ್ಲೇ ಕಳುಹಿಸಿದೆ, ಒಪ್ಪಿಕೊಂಡರು.

ಉಳಿದದ್ದು ಒಂದು ತೊಡಕು. ಒಂದು ನಾಣ್ಯದಲ್ಲಿ ದಶಮಾಂಶದ ಆಚೆ ಎಲ್ಲೋ ಇರುವ, ಕೆಲವು ಪೈಸೆ ಬೆಲೆಯ ಚೂರು ಖಾತೆಯಲ್ಲಿ ಅಂಟಿಕೊಂಡಿತ್ತು. ಕನಿಷ್ಠ ಮೊತ್ತಕ್ಕಿಂತ ಕಡಿಮೆಯಾದ್ದರಿಂದ ಅದನ್ನು ಮಾರಲಾಗದು, ಶೂನ್ಯವಾಗದೆ ಖಾತೆ ಮುಚ್ಚಲಾಗದು. ಆ ಚೂರಿನ ಮೇಲೆ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಟ್ಟು ಖಾತೆ ಮುಚ್ಚಿದ ಪತ್ರ ಕೇಳಿದ್ದೇನೆ. ಪತ್ರ ಇನ್ನೂ ಬರಬೇಕಿದೆ. ಬರುವವರೆಗೆ ಪ್ರತಿ ತಿಂಗಳೂ ನೆನಪಿಸುತ್ತಿದ್ದೇನೆ.